ಗಡಿಯಾಚೆಗಿನ ಸಂಘಟಿತ ಅಪರಾಧ

ಗಡಿಯಾಚೆಗಿನ ಸಂಘಟಿತ ಅಪರಾಧ ಎಂದರೆ ಲಾಭದ ಉದ್ದೇಶದಿಂದ ಗುಂಪುಗೂಡಿದ ಜನರು ಒಂದಕ್ಕಿಂತ ಹೆಚ್ಚು ದೇಶಗಳನ್ನು ಬಳಸಿಕೊಂಡು ಎಸಗುವ ಗಂಭೀರ ಅಪರಾಧ. ಮಾದಕ ವಸ್ತುಗಳ ಕಳ್ಳಸಾಗಣೆ, ಮಾನವ ಕಳ್ಳಸಾಗಣೆ, ಆಯುಧಗಳ ಅಕ್ರಮ ಮಾರಾಟ, ವನ್ಯಜೀವಿ ಮತ್ತು ಪುರಾತನ ವಿಗ್ರಹಗಳ ಸಾಗಾಟ, ಸೈಬರ್ ವಂಚನೆ, ಹಣದ ಅಕ್ರಮ ವರ್ಗಾವಣೆ ಮುಂತಾದವು ಇದರ ಮುಖ್ಯ ಬಗೆಗಳು.

ಕಳ್ಳಸಾಗಣೆ ಹೊಸದೇನಲ್ಲ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವ್ಯಾಪಾರ, ಸಾರಿಗೆ, ಬ್ಯಾಂಕಿಂಗ್ ಮತ್ತು ಸಂಪರ್ಕ ವ್ಯವಸ್ಥೆಗಳು ಜಗತ್ತನ್ನು ಹತ್ತಿರ ತಂದಾಗ ಅಪರಾಧಕ್ಕೂ ಅದೇ ಹಾದಿಗಳು ತೆರೆದುಕೊಂಡವು. ಸರಕು, ಹಣ ಮತ್ತು ಸಂದೇಶಗಳು ಗಡಿಯನ್ನು ಸುಲಭವಾಗಿ ದಾಟುತ್ತವೆ. ಪೊಲೀಸರ ಅಧಿಕಾರ, ನ್ಯಾಯಾಲಯದ ಆದೇಶ ಮತ್ತು ಸಾಕ್ಷ್ಯ ಸಂಗ್ರಹದ ಹಕ್ಕು ಮಾತ್ರ ಗಡಿಯಲ್ಲಿಯೇ ನಿಲ್ಲುತ್ತವೆ. ಈ ಅಂತರವೇ ಇಂತಹ ಅಪರಾಧಗಳ ಮುಖ್ಯ ಬಂಡವಾಳ. ಅದನ್ನು ತುಂಬಲು ದೇಶಗಳು ಮಾಡಿಕೊಂಡಿರುವ ಪ್ರಯತ್ನಗಳಲ್ಲಿ 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಪಲೆರ್ಮೊ ಒಡಂಬಡಿಕೆ ಪ್ರಮುಖವಾದುದು.

ವ್ಯಾಖ್ಯೆ

ಪಲೆರ್ಮೊ ಒಡಂಬಡಿಕೆಯ ಎರಡನೆಯ ವಿಧಿಯ ಪ್ರಕಾರ ಮೂವರು ಅಥವಾ ಹೆಚ್ಚಿನ ಜನರು ಒಂದು ವ್ಯವಸ್ಥೆಗೆ ಒಳಪಟ್ಟು, ಕೆಲವು ಕಾಲ ಒಟ್ಟಾಗಿದ್ದು, ಹಣ ಅಥವಾ ಇತರ ಭೌತಿಕ ಲಾಭಕ್ಕಾಗಿ ಗಂಭೀರ ಅಪರಾಧ ಎಸಗಲು ಕೂಡಿಕೊಂಡರೆ ಅದು ಸಂಘಟಿತ ಅಪರಾಧಿ ಗುಂಪು. ಗರಿಷ್ಠ ಶಿಕ್ಷೆ ಕನಿಷ್ಠ 4 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆವಾಸವಾಗಿರುವ ಅಪರಾಧವನ್ನು ಗಂಭೀರ ಅಪರಾಧ ಎನ್ನಲಾಗಿದೆ. ಮೂರನೆಯ ವಿಧಿಯು ಯಾವ ಸಂದರ್ಭಗಳಲ್ಲಿ ಅಪರಾಧವು ಗಡಿಯಾಚೆಗಿನದು ಎನಿಸುತ್ತದೆ ಎಂಬುದನ್ನು ಹೇಳುತ್ತದೆ:

* ಅಪರಾಧವು ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ನಡೆದಿದ್ದರೆ;
* ಒಂದು ದೇಶದಲ್ಲಿ ನಡೆದಿದ್ದರೂ ಅದರ ಸಿದ್ಧತೆ, ಯೋಜನೆ, ನಿರ್ದೇಶನ ಅಥವಾ ನಿಯಂತ್ರಣದ ಗಣನೀಯ ಭಾಗ ಇನ್ನೊಂದು ದೇಶದಲ್ಲಿ ನಡೆದಿದ್ದರೆ;
* ಒಂದು ದೇಶದಲ್ಲಿ ನಡೆದಿದ್ದರೂ ಹಲವು ದೇಶಗಳಲ್ಲಿ ಅಪರಾಧ ನಡೆಸುವ ಗುಂಪು ಅದರಲ್ಲಿ ಭಾಗಿಯಾಗಿದ್ದರೆ;
* ಒಂದು ದೇಶದಲ್ಲಿ ನಡೆದು ಇನ್ನೊಂದು ದೇಶದ ಮೇಲೆ ಗಣನೀಯ ಪರಿಣಾಮ ಬೀರಿದ್ದರೆ.

ಇದನ್ನು ಅಂತರರಾಷ್ಟ್ರೀಯ ಅಪರಾಧ ಎಂಬ ಪರಿಕಲ್ಪನೆಯೊಂದಿಗೆ ಬೆರೆಸಬಾರದು. ನರಮೇಧ, ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧಗಳು ಅಂತರರಾಷ್ಟ್ರೀಯ ಕಾನೂನನ್ನೇ ನೇರವಾಗಿ ಉಲ್ಲಂಘಿಸುವಂಥವು. ಅವುಗಳ ವಿಚಾರಣೆಗೆ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವಿದೆ. ಮಾದಕ ವಸ್ತು ಸಾಗಿಸಿದವನನ್ನು ಅಥವಾ ಬ್ಯಾಂಕಿಗೆ ವಂಚಿಸಿದವನನ್ನು ವಿಚಾರಿಸುವ ಜಾಗತಿಕ ನ್ಯಾಯಾಲಯ ಯಾವುದೂ ಇಲ್ಲ. ಅವನನ್ನು ಯಾವುದಾದರೊಂದು ದೇಶದ ನ್ಯಾಯಾಲಯವೇ ತನ್ನ ಕಾನೂನಿನಂತೆ ವಿಚಾರಿಸಬೇಕು.

ಇತಿಹಾಸ

ಕಡಲ್ಗಳ್ಳತನ ಇಂತಹ ಅಪರಾಧಗಳ ಅತಿ ಹಳೆಯ ರೂಪ. ತೆರೆದ ಸಮುದ್ರ ಯಾವ ದೇಶಕ್ಕೂ ಸೇರದಿರುವುದರಿಂದ ಕಡಲ್ಗಳ್ಳರನ್ನು ಹಿಡಿದ ಯಾವ ದೇಶ ಬೇಕಾದರೂ ಶಿಕ್ಷಿಸಬಹುದು ಎಂಬ ನಿಯಮ ಬಹಳ ಹಿಂದೆಯೇ ಬೆಳೆದು ಬಂದಿತು. ನಿಷೇಧಿತ ವಸ್ತುವಿನ ಸಾಗಾಟಕ್ಕೆ ಪ್ರಭುತ್ವಗಳೇ ಬೆಂಬಲ ನೀಡಿದ ನಿದರ್ಶನವೂ ಇತಿಹಾಸದಲ್ಲಿದೆ. ಚೀನಾ ನಿಷೇಧಿಸಿದ್ದ ಅಫೀಮನ್ನು ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿ ಬೆಳೆಸಿ ಹರಾಜು ಹಾಕುತ್ತಿತ್ತು. ಖಾಸಗಿ ವ್ಯಾಪಾರಿಗಳು ಅದನ್ನು ಕೊಂಡು ಚೀನಾದ ಕರಾವಳಿಗೆ ಕದ್ದು ಸಾಗಿಸುತ್ತಿದ್ದರು. ಇದನ್ನು ತಡೆಯಲು ಚೀನಾ ಮಾಡಿದ ಪ್ರಯತ್ನವೇ 1839–42ರ ಮೊದಲನೆಯ ಅಫೀಮು ಯುದ್ಧಕ್ಕೆ ಕಾರಣವಾಯಿತು.

ದೇಶಗಳು ಒಟ್ಟಾಗಿ ಕಾನೂನು ರೂಪಿಸುವ ಕೆಲಸ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶುರುವಾಯಿತು. ಸ್ತ್ರೀಯರ ಮಾರಾಟದ ವಿರುದ್ಧ 1904ರಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಂದವಾಯಿತು. 1912ರಲ್ಲಿ ಹೇಗ್ ನಗರದಲ್ಲಿ ಅಫೀಮಿನ ನಿಯಂತ್ರಣಕ್ಕೆ ಒಡಂಬಡಿಕೆ ಸಿದ್ಧವಾಯಿತು. 1914ರಲ್ಲಿ ಮೊನಾಕೊದಲ್ಲಿ ಹಲವು ದೇಶಗಳ ಪೊಲೀಸ್ ಅಧಿಕಾರಿಗಳು ಮೊದಲ ಬಾರಿಗೆ ಸಭೆ ಸೇರಿದರು. 1923ರಲ್ಲಿ ವಿಯೆನ್ನಾದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಪೊಲೀಸ್ ಆಯೋಗವೇ 1956ರಲ್ಲಿ ಇಂಟರ್‌ಪೋಲ್ ಎಂಬ ಹೆಸರು ಪಡೆಯಿತು.

ಇಟಲಿಯ ಸಿಸಿಲಿ ದ್ವೀಪದ ಮಾಫಿಯಾ ವಿರುದ್ಧ ನಡೆದ ಹೋರಾಟ ಈ ಇತಿಹಾಸದಲ್ಲಿ ಮಹತ್ವದ ಘಟ್ಟ. ಸಿಸಿಲಿಯಿಂದ ಅಮೆರಿಕಕ್ಕೆ ಹೆರಾಯಿನ್ ಸಾಗುತ್ತಿದ್ದ ಕಾಲದಲ್ಲಿ ಪಲೆರ್ಮೊದ ನ್ಯಾಯಾಧೀಶ ಜೊವಾನಿ ಫಾಲ್ಕೊನೆ ಬ್ಯಾಂಕ್ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ ಹಣದ ಜಾಡನ್ನು ಹಿಂಬಾಲಿಸಿದರು. ಅಮೆರಿಕದ ತನಿಖಾಧಿಕಾರಿಗಳೊಂದಿಗೆ ನೇರವಾಗಿ ಮಾಹಿತಿ ಹಂಚಿಕೊಂಡರು. 1986ರಲ್ಲಿ ಆರಂಭವಾಗಿ 1987ರ ಡಿಸೆಂಬರ್‌ನಲ್ಲಿ ಮುಗಿದ ಬೃಹತ್ ವಿಚಾರಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. 1992ರ ಮೇ 23ರಂದು ಫಾಲ್ಕೊನೆಯವರನ್ನೂ ಜುಲೈ 19ರಂದು ಅವರ ಸಹೋದ್ಯೋಗಿ ಪಾವೊಲೊ ಬೊರ್ಸೆಲಿನೊ ಅವರನ್ನೂ ಮಾಫಿಯಾ ಬಾಂಬ್ ಸ್ಫೋಟಿಸಿ ಕೊಂದಿತು. ಎಂಟು ವರ್ಷಗಳ ನಂತರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಸಹಿ ಹಾಕುವ ಸಮಾವೇಶ ನಡೆದದ್ದು ಅದೇ ಪಲೆರ್ಮೊದಲ್ಲಿ.

ಜಾಗತೀಕರಣದೊಂದಿಗೆ ಸಂಬಂಧ

ಅಪರಾಧ ಗಡಿ ದಾಟುವುದಕ್ಕೆ ಮೂಲ ಕಾರಣ ದೇಶ ದೇಶಗಳ ನಡುವಿನ ವ್ಯತ್ಯಾಸಗಳು. ಒಂದು ಕಡೆ ಅಗ್ಗವಾಗಿರುವ ವಸ್ತು ಇನ್ನೊಂದು ಕಡೆ ದುಬಾರಿಯಾಗಿರುತ್ತದೆ, ಒಂದು ಕಡೆ ನಿಷಿದ್ಧವಾದದ್ದು ಇನ್ನೊಂದು ಕಡೆ ಮುಕ್ತವಾಗಿರುತ್ತದೆ, ಒಂದು ಕಡೆ ಕಟ್ಟುನಿಟ್ಟಾದ ಕಾನೂನು ಇನ್ನೊಂದು ಕಡೆ ಸಡಿಲವಾಗಿರುತ್ತದೆ. ಈ ವ್ಯತ್ಯಾಸಗಳಿಂದ ಲಾಭ ಗಳಿಸುವುದೇ ಈ ದಂಧೆಯ ತಿರುಳು.

ಭಾರತದ ಚಿನ್ನದ ಕಳ್ಳಸಾಗಣೆ ಇದಕ್ಕೆ ಒಳ್ಳೆಯ ಉದಾಹರಣೆ. 1968ರ ಚಿನ್ನ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಅರಬ್ಬಿ ಸಮುದ್ರದ ಮೂಲಕ ಪಶ್ಚಿಮ ಕರಾವಳಿಗೆ ಹೇರಳವಾಗಿ ಕಳ್ಳ ಚಿನ್ನ ಬರುತ್ತಿತ್ತು. 1990ರಲ್ಲಿ ಆ ಕಾಯ್ದೆ ರದ್ದಾಗಿ ಆಮದು ಸಡಿಲವಾದ ಮೇಲೆ ಅದು ಇಳಿಮುಖವಾಯಿತು. 2013ರಲ್ಲಿ ಆಮದು ಸುಂಕ ಶೇ 10ಕ್ಕೆ ಏರಿದಾಗ ಮತ್ತೆ ಹೆಚ್ಚಿತು. 2024ರ ಜುಲೈನಲ್ಲಿ ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದಾಗ ಕಳ್ಳಸಾಗಣೆಯ ಆಕರ್ಷಣೆಯನ್ನು ಕುಗ್ಗಿಸುವುದೂ ಉದ್ದೇಶಗಳಲ್ಲಿ ಒಂದಾಗಿತ್ತು.

ಇಂತಹ ವ್ಯತ್ಯಾಸಗಳು ಹಿಂದೆಯೂ ಇದ್ದವು. ಜಾಗತೀಕರಣವು ಅವುಗಳನ್ನು ಬಳಸಿಕೊಳ್ಳುವ ವೆಚ್ಚವನ್ನು ಇಳಿಸಿತು:

* ಸಾರಿಗೆ: ವಿಶ್ವದ ಬಂದರುಗಳಲ್ಲಿ ಕೋಟ್ಯಂತರ ಕಂಟೇನರ್‌ಗಳು ಓಡಾಡುತ್ತವೆ. ಎಲ್ಲವನ್ನೂ ತೆರೆದು ನೋಡಿದರೆ ವ್ಯಾಪಾರವೇ ನಿಂತುಹೋಗುವುದರಿಂದ ಕೆಲವನ್ನು ಮಾತ್ರ ಪರೀಕ್ಷಿಸಲಾಗುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸುಮಾರು 3,000 ಕಿಲೋಗ್ರಾಂ ಹೆರಾಯಿನ್ ಸಿಕ್ಕಿತು. ಅಫ್ಘಾನಿಸ್ತಾನದಿಂದ ಇರಾನಿನ ಬಂದರಿನ ಮೂಲಕ ಬಂದಿದ್ದ ಆ ಸರಕನ್ನು ದಾಖಲೆಗಳಲ್ಲಿ ಟಾಲ್ಕ್ ಕಲ್ಲು ಎಂದು ತೋರಿಸಲಾಗಿತ್ತು.
* ಹಣಕಾಸು: ವಿದೇಶಿ ವಿನಿಮಯದ ನಿರ್ಬಂಧಗಳು ಸಡಿಲಗೊಂಡು, ಕ್ಷಣಮಾತ್ರದಲ್ಲಿ ಹಣ ಖಂಡಾಂತರ ಹೋಗುವಂತಾಯಿತು.
* ಸಂಪರ್ಕ: ಅಂತರ್ಜಾಲ ಮತ್ತು ಗೂಢಲಿಪಿ ಸಂದೇಶ ಸೇವೆಗಳು ಪರಸ್ಪರ ಮುಖ ನೋಡದವರ ನಡುವೆಯೂ ವ್ಯವಹಾರವನ್ನು ಸಾಧ್ಯವಾಗಿಸಿದವು. ಅಪರಾಧಿಗಳು ವ್ಯಾಪಕವಾಗಿ ಬಳಸುತ್ತಿದ್ದ ಎನ್ಕ್ರೋಚಾಟ್ ಜಾಲವನ್ನು ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಪೊಲೀಸರು 2020ರಲ್ಲಿ ಭೇದಿಸಿದಾಗ ಯುರೋಪಿನಾದ್ಯಂತ ಸಾವಿರಾರು ಬಂಧನಗಳಾದವು.
* ರಾಜಕೀಯ ಅಸ್ಥಿರತೆ: ಅಂತರ್ಯುದ್ಧ ಅಥವಾ ದುರ್ಬಲ ಆಡಳಿತವಿರುವ ಪ್ರದೇಶಗಳು ಅಪರಾಧಿ ಗುಂಪುಗಳಿಗೆ ನೆಲೆ ಒದಗಿಸುತ್ತವೆ.

ಪ್ರಮುಖ ಬಗೆಗಳು

ಮಾದಕ ವಸ್ತುಗಳ ಕಳ್ಳಸಾಗಣೆ

ಅಫ್ಘಾನಿಸ್ತಾನ, ಇರಾನ್, ಪಾಕಿಸ್ತಾನಗಳನ್ನು ಒಳಗೊಂಡ ಪ್ರದೇಶವನ್ನು ಸುವರ್ಣ ಅರ್ಧಚಂದ್ರ ಎಂದೂ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್ ಗಡಿಗಳು ಕೂಡುವ ಪ್ರದೇಶವನ್ನು ಸುವರ್ಣ ತ್ರಿಕೋನ ಎಂದೂ ಕರೆಯುವ ರೂಢಿಯಿದೆ. ಇವೆರಡರ ನಡುವೆ ಇರುವ ಭಾರತವು ಸಾಗಾಟದ ಹಾದಿಯೂ ಹೌದು, ಮಾರುಕಟ್ಟೆಯೂ ಹೌದು. ದಕ್ಷಿಣ ಅಮೆರಿಕದ ಆಂಡಿಸ್ ಪ್ರದೇಶದ ಕೊಕೇನ್ ಉತ್ತರ ಅಮೆರಿಕಕ್ಕೂ, ಆಂಟ್‌ವರ್ಪ್ ಮತ್ತು ರೋಟರ್‌ಡ್ಯಾಮ್ ಬಂದರುಗಳ ಮೂಲಕ ಯುರೋಪಿಗೂ ಹೋಗುತ್ತದೆ. ವಿಶ್ವಸಂಸ್ಥೆಯ 1961, 1971 ಮತ್ತು 1988ರ ಮೂರು ಒಡಂಬಡಿಕೆಗಳು ಈ ಕ್ಷೇತ್ರದ ಅಂತರರಾಷ್ಟ್ರೀಯ ಕಾನೂನಿಗೆ ಆಧಾರ.

ಮಾನವ ಕಳ್ಳಸಾಗಣೆ ಮತ್ತು ವಲಸಿಗರ ಅಕ್ರಮ ಸಾಗಾಟ

ಇವೆರಡೂ ಕಾನೂನಿನ ದೃಷ್ಟಿಯಲ್ಲಿ ಬೇರೆ ಬೇರೆ. ಬಲಾತ್ಕಾರ, ವಂಚನೆ ಅಥವಾ ಅಸಹಾಯಕತೆಯ ದುರುಪಯೋಗದಿಂದ ವ್ಯಕ್ತಿಯನ್ನು ಶೋಷಣೆಗಾಗಿ ಸಾಗಿಸುವುದು ಮಾನವ ಕಳ್ಳಸಾಗಣೆ. ಇದು ವ್ಯಕ್ತಿಯ ವಿರುದ್ಧದ ಅಪರಾಧ, ದೇಶದ ಗಡಿಯೊಳಗೂ ನಡೆಯಬಹುದು. ಹಣ ಪಡೆದು ವ್ಯಕ್ತಿಯನ್ನು ಅಕ್ರಮವಾಗಿ ಇನ್ನೊಂದು ದೇಶಕ್ಕೆ ದಾಟಿಸುವುದು ವಲಸಿಗರ ಸಾಗಾಟ. ಇಲ್ಲಿ ಪ್ರಯಾಣಿಕನ ಒಪ್ಪಿಗೆ ಇರುತ್ತದೆ ಮತ್ತು ಉಲ್ಲಂಘನೆಯಾಗುವುದು ದೇಶದ ಗಡಿ ನಿಯಮ. ವಾಸ್ತವದಲ್ಲಿ ಒಪ್ಪಿಗೆಯಿಂದ ಹೊರಟವನು ದಾರಿಯಲ್ಲಿ ಸಾಲದ ಬಲೆಗೆ ಸಿಕ್ಕಿ ಶೋಷಣೆಗೆ ಒಳಗಾಗುವುದು ಸಾಮಾನ್ಯ.

2019ರ ಅಕ್ಟೋಬರ್ 23ರಂದು ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಲಾರಿಯ ಕಂಟೇನರೊಂದರಲ್ಲಿ 39 ಮಂದಿ ವಿಯೆಟ್ನಾಂ ಪ್ರಜೆಗಳು ಉಸಿರುಗಟ್ಟಿ ಸತ್ತಿದ್ದುದು ಪತ್ತೆಯಾಯಿತು. 2022ರ ಜನವರಿಯಲ್ಲಿ ಕೆನಡಾದಿಂದ ಅಮೆರಿಕಕ್ಕೆ ನಡೆದು ದಾಟಲು ಹೊರಟಿದ್ದ ಗುಜರಾತಿನ ಒಂದೇ ಕುಟುಂಬದ ನಾಲ್ವರು, ಅವರಲ್ಲಿ ಇಬ್ಬರು ಮಕ್ಕಳು, ಗಡಿಯ ಸಮೀಪ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು.

ವನ್ಯಜೀವಿ ಮತ್ತು ಅರಣ್ಯ ಸಂಪತ್ತು

ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಡಂಬಡಿಕೆ 1975ರಲ್ಲಿ ಜಾರಿಗೆ ಬಂದಿತು. ದಕ್ಷಿಣ ಭಾರತದಿಂದ ಸಾಗಾಟವಾಗುವ ನಕ್ಷತ್ರ ಆಮೆಗೆ 2019ರಲ್ಲಿ ಈ ಒಡಂಬಡಿಕೆಯ ಅತ್ಯುನ್ನತ ರಕ್ಷಣೆ ದೊರೆಯಿತು.

ಪೂರ್ವಘಟ್ಟದ ದಕ್ಷಿಣ ಭಾಗದಲ್ಲಿ, ಮುಖ್ಯವಾಗಿ ಆಂಧ್ರಪ್ರದೇಶದ ಶೇಷಾಚಲಂ ಬೆಟ್ಟಗಳಲ್ಲಿ ಬೆಳೆಯುವ ರಕ್ತಚಂದನಕ್ಕೆ ಚೀನಾ ಮತ್ತು ಜಪಾನ್‌ಗಳಲ್ಲಿ ಬೇಡಿಕೆಯಿದೆ. ಮರ ಕಡಿಯುವವರು ಬಹುಪಾಲು ತಮಿಳುನಾಡಿನ ಬಡ ಗುಡ್ಡಗಾಡು ಕೂಲಿಗಳು. 2015ರ ಏಪ್ರಿಲ್ 7ರಂದು ಶೇಷಾಚಲಂ ಅರಣ್ಯದಲ್ಲಿ ನಡೆದ ಪೊಲೀಸ್ ಗುಂಡಿನ ದಾಳಿಯಲ್ಲಿ ಇಂತಹ 20 ಮಂದಿ ಸತ್ತರು. ಅಪಾಯವೆಲ್ಲ ಸರಪಳಿಯ ಕೆಳ ತುದಿಯಲ್ಲಿರುವವರಿಗೆ, ಲಾಭವೆಲ್ಲ ಸಾಗರದಾಚೆ ಇರುವ ಮೇಲ್ತುದಿಯವರಿಗೆ ಎಂಬುದು ಇಂತಹ ಬಹುತೇಕ ದಂಧೆಗಳ ಲಕ್ಷಣ.

ಪುರಾತನ ವಸ್ತುಗಳು

ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಗ್ರಾಮದ ದೇವಾಲಯದಿಂದ ಕಳುವಾದ ಚೋಳರ ಕಾಲದ ನಟರಾಜ ವಿಗ್ರಹವನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಸಂಗ್ರಹಾಲಯವು 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತ್ತು. ವಿಗ್ರಹ ಕಾನೂನುಬದ್ಧವಾಗಿ ಬಂದಿದೆ ಎಂದು ತೋರಿಸುವ ದಾಖಲೆಗಳು ಸುಳ್ಳೆಂಬುದು ಮುಂದೆ ಬಯಲಾಯಿತು. ಪುದುಚೇರಿಯ ಫ್ರೆಂಚ್ ಸಂಸ್ಥೆಯು ದಶಕಗಳ ಹಿಂದೆ ದೇವಾಲಯಗಳಲ್ಲಿ ತೆಗೆದಿಟ್ಟಿದ್ದ ಛಾಯಾಚಿತ್ರಗಳು ಗುರುತಿಸಲು ನೆರವಾದವು. 2014ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ವಿಗ್ರಹವನ್ನು ಭಾರತಕ್ಕೆ ಒಪ್ಪಿಸಿದರು. ಅದನ್ನು ಮಾರಿದ್ದ ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ 2011ರಲ್ಲಿ ಜರ್ಮನಿಯಲ್ಲಿ ಬಂಧಿತನಾಗಿ, 2012ರಲ್ಲಿ ಭಾರತಕ್ಕೆ ಹಸ್ತಾಂತರಗೊಂಡು, 2022ರ ನವೆಂಬರ್‌ನಲ್ಲಿ ವಿಗ್ರಹ ಕಳವಿನ ಪ್ರಕರಣವೊಂದರಲ್ಲಿ ಕುಂಭಕೋಣದ ನ್ಯಾಯಾಲಯದಿಂದ 10 ವರ್ಷಗಳ ಶಿಕ್ಷೆ ಪಡೆದನು.

ಸೈಬರ್ ವಂಚನೆ

ಸೈಬರ್ ಅಪರಾಧದಲ್ಲಿ ವಂಚಕ, ಸಂತ್ರಸ್ತ, ಕಂಪ್ಯೂಟರ್ ಸರ್ವರ್ ಮತ್ತು ಹಣ ಸೇರುವ ಖಾತೆ ನಾಲ್ಕೂ ನಾಲ್ಕು ದೇಶಗಳಲ್ಲಿರಬಹುದು. ಪೊಲೀಸ್ ಅಥವಾ ಸಿಬಿಐ ಅಧಿಕಾರಿಯ ವೇಷದಲ್ಲಿ ವಿಡಿಯೊ ಕರೆ ಮಾಡಿ ಹೆದರಿಸಿ ಹಣ ಕೀಳುವ 'ಡಿಜಿಟಲ್ ಅರೆಸ್ಟ್' ಇದರ ಒಂದು ರೂಪ. ಭಾರತದ ಯಾವ ಕಾನೂನಿನಲ್ಲಿಯೂ ಅಂತಹ ಬಂಧನಕ್ಕೆ ಅವಕಾಶವಿಲ್ಲ.

ಇಂತಹ ಅನೇಕ ಕರೆಗಳು ಹೊರಡುವುದು ಕಾಂಬೋಡಿಯಾ, ಮ್ಯಾನ್ಮಾರ್ ಮತ್ತು ಲಾವೋಸ್‌ಗಳ ಎತ್ತರದ ಗೋಡೆಗಳ ಆವರಣಗಳಿಂದ. ಅಲ್ಲಿ ಕರೆ ಮಾಡುವವರಲ್ಲಿ ಹಲವರು ಸ್ವತಃ ಮಾನವ ಕಳ್ಳಸಾಗಣೆಗೆ ಒಳಗಾದವರು. ಕಂಪ್ಯೂಟರ್ ಕೆಲಸದ ಆಸೆಗೆ ಬಂದ ಯುವಕರ ಪಾಸ್‌ಪೋರ್ಟ್ ಕಿತ್ತುಕೊಂಡು, ವಂಚನೆ ಮಾಡಲು ಒಪ್ಪದಿದ್ದರೆ ಹಿಂಸಿಸಲಾಗುತ್ತದೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರು ಹೀಗೆ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ವರದಿಯಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರವು ಮ್ಯಾನ್ಮಾರ್ ಗಡಿಯಿಂದ ಐನೂರಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡ್ ಮೂಲಕ ವಾಯುಪಡೆಯ ವಿಮಾನಗಳಲ್ಲಿ ಕರೆತಂದಿತು. ಹೀಗೆ ಮರಳಿದವರಲ್ಲಿ ಯಾರು ಸಂತ್ರಸ್ತರು, ಯಾರು ಪಾಲುದಾರರು ಎಂದು ವಿಂಗಡಿಸುವುದು ತನಿಖಾಧಿಕಾರಿಗಳ ಮುಂದಿರುವ ಕಠಿಣ ಪ್ರಶ್ನೆ.

ನಿದರ್ಶನ: ಬಾಂಗ್ಲಾದೇಶ ಬ್ಯಾಂಕ್ ಪ್ರಕರಣ

ಗಡಿ, ಗಡಿಯಾರ ಮತ್ತು ಕಾನೂನಿನ ವ್ಯತ್ಯಾಸಗಳನ್ನು ಅಪರಾಧಿಗಳು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದಕ್ಕೆ 2016ರ ಫೆಬ್ರವರಿಯಲ್ಲಿ ನಡೆದ ಈ ಪ್ರಕರಣ ಸ್ಪಷ್ಟ ಉದಾಹರಣೆ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕ್ ತನ್ನ ವಿದೇಶಿ ವಿನಿಮಯದ ಒಂದು ಭಾಗವನ್ನು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿತ್ತು. ಮೊದಲೇ ಢಾಕಾದ ಕಂಪ್ಯೂಟರ್‌ಗಳೊಳಗೆ ನುಸುಳಿದ್ದ ದುಷ್ಕರ್ಮಿಗಳು ಫೆಬ್ರವರಿ 4ರ ಗುರುವಾರ ರಾತ್ರಿ, ಬ್ಯಾಂಕುಗಳ ನಡುವಿನ ಸ್ವಿಫ್ಟ್ ಸಂದೇಶ ವ್ಯವಸ್ಥೆಯ ಮೂಲಕ ಹಣ ವರ್ಗಾಯಿಸುವಂತೆ ನ್ಯೂಯಾರ್ಕಿಗೆ 35 ಸೂಚನೆಗಳನ್ನು ಕಳುಹಿಸಿದರು. ಒಟ್ಟು ಮೊತ್ತ ಸುಮಾರು 95 ಕೋಟಿ ಡಾಲರ್.

ದಿನದ ಆಯ್ಕೆ ಆಕಸ್ಮಿಕವಾಗಿರಲಿಲ್ಲ. ಬಾಂಗ್ಲಾದೇಶದಲ್ಲಿ ಶುಕ್ರವಾರ ಮತ್ತು ಶನಿವಾರ ವಾರದ ರಜೆ. ಸಂದೇಶಗಳನ್ನು ತಾನಾಗಿಯೇ ಮುದ್ರಿಸುವ ಯಂತ್ರವನ್ನೂ ಕೆಡಿಸಲಾಗಿತ್ತು. ಭಾನುವಾರ ಢಾಕಾದಲ್ಲಿ ಕೆಲಸ ಆರಂಭವಾಗಿ ಅನುಮಾನ ಮೂಡುವ ಹೊತ್ತಿಗೆ ನ್ಯೂಯಾರ್ಕಿಗೆ ರಜೆ. ಸೋಮವಾರ ಫೆಬ್ರವರಿ 8ರಂದು ಚೀನೀ ಹೊಸ ವರ್ಷದ ಪ್ರಯುಕ್ತ ಫಿಲಿಪ್ಪೀನ್ಸ್‌ನಲ್ಲಿ ರಜೆ. ಹೀಗೆ ಮೂರು ದೇಶಗಳ ರಜೆಗಳು ಸೇರಿ ಅಪರಾಧಿಗಳಿಗೆ ನಾಲ್ಕು ದಿನಗಳ ಅವಕಾಶ ಒದಗಿಸಿದವು.

ಹೆಚ್ಚಿನ ಸೂಚನೆಗಳನ್ನು ನ್ಯೂಯಾರ್ಕಿನ ಬ್ಯಾಂಕ್ ತಡೆಹಿಡಿಯಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್, 'ಫೌಂಡೇಶನ್' ಎಂಬ ಪದದ ಕಾಗುಣಿತ ತಪ್ಪಿದ್ದನ್ನು ಮಧ್ಯವರ್ತಿ ಬ್ಯಾಂಕೊಂದು ಪ್ರಶ್ನಿಸಿದ್ದರಿಂದ ಉಳಿಯಿತು. ಆದರೆ 8.1 ಕೋಟಿ ಡಾಲರ್ ಮನಿಲಾದ ಬ್ಯಾಂಕ್ ಶಾಖೆಯೊಂದರ ಖಾತೆಗಳಿಗೆ ಸೇರಿತು. ಆ ಖಾತೆಗಳನ್ನು 2015ರ ಮೇ ತಿಂಗಳಲ್ಲಿಯೇ ಸುಳ್ಳು ಹೆಸರುಗಳಲ್ಲಿ ತೆರೆದು ಸುಮ್ಮನೆ ಬಿಡಲಾಗಿತ್ತು. ಹಣವನ್ನು ತಡೆಯುವಂತೆ ಢಾಕಾದಿಂದ ಹೋದ ಸಂದೇಶವನ್ನು ಮಂಗಳವಾರ ಅಲ್ಲಿನವರು ಗಮನಿಸುವ ವೇಳೆಗೆ ಅದರ ಬಹುಭಾಗ ಖಾತೆಗಳಿಂದ ಹೊರಹೋಗಿತ್ತು.

ಅಲ್ಲಿಂದ ಹಣ ಸೇರಿದ್ದು ಮನಿಲಾದ ಜೂಜುಕೇಂದ್ರಗಳಿಗೆ. ಫಿಲಿಪ್ಪೀನ್ಸ್‌ನ ಹಣದ ಅಕ್ರಮ ವರ್ಗಾವಣೆ ತಡೆ ಕಾನೂನು ಆಗ ಜೂಜುಕೇಂದ್ರಗಳಿಗೆ ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಹಣದ ಜಾಡು ಅಲ್ಲಿ ಕಡಿದುಹೋಯಿತು. ಸುಮಾರು 1.5 ಕೋಟಿ ಡಾಲರ್ ಮಾತ್ರ ಅದೇ ವರ್ಷ ಬಾಂಗ್ಲಾದೇಶಕ್ಕೆ ಮರಳಿತು. 2017ರಲ್ಲಿ ಫಿಲಿಪ್ಪೀನ್ಸ್ ತನ್ನ ಕಾನೂನನ್ನು ತಿದ್ದಿ ಜೂಜುಕೇಂದ್ರಗಳನ್ನೂ ಅದರ ವ್ಯಾಪ್ತಿಗೆ ತಂದಿತು. 2019ರಲ್ಲಿ ಮನಿಲಾದ ಶಾಖೆಯ ಮಾಜಿ ವ್ಯವಸ್ಥಾಪಕರಿಗೆ ಶಿಕ್ಷೆಯಾಯಿತು. ಅಮೆರಿಕವು 2018ರಲ್ಲಿ ಉತ್ತರ ಕೊರಿಯಾದ ಕಂಪ್ಯೂಟರ್ ತಂತ್ರಜ್ಞನೊಬ್ಬನ ಮೇಲೆ ಆರೋಪ ಹೊರಿಸಿತು. ಆ ದೇಶ ಆರೋಪವನ್ನು ತಳ್ಳಿಹಾಕಿದೆ.

ಹಣದ ಅಕ್ರಮ ವರ್ಗಾವಣೆ

ಅಪರಾಧದಿಂದ ಬಂದ ಹಣವನ್ನು ಸಕ್ರಮವೆಂದು ತೋರಿಸುವ ಕ್ರಿಯೆಗೆ ಸಾಮಾನ್ಯವಾಗಿ ಮೂರು ಹಂತಗಳನ್ನು ಗುರುತಿಸಲಾಗುತ್ತದೆ. ಮೊದಲನೆಯದು ನಗದನ್ನು ಬ್ಯಾಂಕ್ ಅಥವಾ ವ್ಯಾಪಾರದೊಳಗೆ ಸೇರಿಸುವುದು. ಎರಡನೆಯದು ಹಲವು ಖಾತೆ, ಕಂಪನಿ ಮತ್ತು ದೇಶಗಳ ಮೂಲಕ ಹಾಯಿಸಿ ಮೂಲವನ್ನು ಮರೆಮಾಚುವುದು. ಮೂರನೆಯದು ಜಮೀನು, ಕಟ್ಟಡ, ಉದ್ಯಮಗಳಲ್ಲಿ ತೊಡಗಿಸಿ ಸಾಮಾನ್ಯ ಸಂಪತ್ತಿನೊಂದಿಗೆ ಬೆರೆಸುವುದು. ಹೆಸರಿಗೆ ಮಾತ್ರ ಇರುವ ಕಂಪನಿಗಳು, ಹವಾಲಾ ಜಾಲ, ಆಮದು–ರಫ್ತು ಬಿಲ್ಲುಗಳಲ್ಲಿ ಬೆಲೆಯನ್ನು ಹೆಚ್ಚು ಕಡಿಮೆ ತೋರಿಸುವುದು, ಕ್ರಿಪ್ಟೊ ಕರೆನ್ಸಿ ಹಾಗೂ ಇತರರ ಹೆಸರಿನ 'ಮ್ಯೂಲ್' ಖಾತೆಗಳು ಇದರ ಸಾಧನಗಳು. ಸಣ್ಣ ಮೊತ್ತದ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಇತರರ ಬಳಕೆಗೆ ಕೊಡುವ ವಿದ್ಯಾರ್ಥಿಗಳು ಮತ್ತು ನಿರುದ್ಯೋಗಿಗಳು ಅರಿವಿಲ್ಲದೆಯೇ ಅಪರಾಧ ಪ್ರಕರಣಕ್ಕೆ ಸಿಲುಕುವುದುಂಟು.

ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2011ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2009ರಲ್ಲಿ ಅಕ್ರಮವಾಗಿ ವರ್ಗಾವಣೆಯಾದ ಹಣ ಜಗತ್ತಿನ ಒಟ್ಟು ಉತ್ಪನ್ನದ ಶೇ 2.7ರಷ್ಟು, ಎಂದರೆ ಸುಮಾರು 1.6 ಲಕ್ಷ ಕೋಟಿ ಡಾಲರ್. ಅದರಲ್ಲಿ ಜಪ್ತಿಯಾಗುವುದು ಶೇ 1ಕ್ಕಿಂತಲೂ ಕಡಿಮೆ. ಈ ಸಮಸ್ಯೆಯನ್ನು ಎದುರಿಸಲು ಜಿ–7 ದೇಶಗಳು 1989ರಲ್ಲಿ ಹಣಕಾಸು ಕಾರ್ಯಪಡೆಯನ್ನು ಸ್ಥಾಪಿಸಿದವು. ಭಾರತ 2010ರಲ್ಲಿ ಅದರ ಸದಸ್ಯವಾಯಿತು.

ಅಂತರರಾಷ್ಟ್ರೀಯ ಸಹಕಾರ

ಪಲೆರ್ಮೊ ಒಡಂಬಡಿಕೆ

2000ದ ನವೆಂಬರ್ 15ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಈ ಒಡಂಬಡಿಕೆ 2003ರ ಸೆಪ್ಟೆಂಬರ್ 29ರಂದು ಜಾರಿಗೆ ಬಂದಿತು. ಮಾನವ ಕಳ್ಳಸಾಗಣೆ, ವಲಸಿಗರ ಅಕ್ರಮ ಸಾಗಾಟ ಮತ್ತು ಬಂದೂಕುಗಳ ಅಕ್ರಮ ತಯಾರಿಕೆ–ಮಾರಾಟ ಕುರಿತ ಮೂರು ಪೂರಕ ಒಪ್ಪಂದಗಳು ಇದಕ್ಕಿವೆ. 190ಕ್ಕೂ ಹೆಚ್ಚು ದೇಶಗಳು ಇದಕ್ಕೆ ಸೇರಿವೆ. ಭಾರತ 2002ರಲ್ಲಿ ಸಹಿ ಹಾಕಿ 2011ರಲ್ಲಿ ಅನುಮೋದಿಸಿತು. ಸದಸ್ಯ ದೇಶಗಳು ಸಂಘಟಿತ ಅಪರಾಧ, ಅಕ್ರಮ ಹಣ ವರ್ಗಾವಣೆ, ಭ್ರಷ್ಟಾಚಾರಗಳನ್ನು ತಮ್ಮ ಕಾನೂನಿನಲ್ಲಿ ಅಪರಾಧವೆಂದು ಘೋಷಿಸಬೇಕು ಮತ್ತು ತನಿಖೆಯಲ್ಲಿ ಪರಸ್ಪರ ನೆರವಾಗಬೇಕು.

ಇಂಟರ್‌ಪೋಲ್

ಫ್ರಾನ್ಸಿನ ಲಿಯಾನ್ ನಗರದಲ್ಲಿ ಕೇಂದ್ರ ಕಚೇರಿಯಿರುವ ಇಂಟರ್‌ಪೋಲ್‌ಗೆ 196 ಸದಸ್ಯ ದೇಶಗಳಿವೆ. ಅದಕ್ಕೆ ಸ್ವಂತ ಬಂಧನಾಧಿಕಾರವಿಲ್ಲ. ಅದು ಪೊಲೀಸರ ನಡುವೆ ಮಾಹಿತಿ ವಿನಿಮಯಕ್ಕೆ ನೆರವಾಗುವ ಸಂಸ್ಥೆ. ಬೇಕಾದ ವ್ಯಕ್ತಿಯ ಕುರಿತ ರೆಡ್ ಕಾರ್ನರ್ ನೋಟಿಸ್, ಮಾಹಿತಿ ಕೋರುವ ಬ್ಲೂ ನೋಟಿಸ್, ಕಾಣೆಯಾದವರ ಕುರಿತ ಯೆಲ್ಲೊ ನೋಟಿಸ್ ಮುಂತಾದ ಬಣ್ಣದ ಸೂಚನೆಗಳನ್ನು ಅದು ಹೊರಡಿಸುತ್ತದೆ. ರೆಡ್ ನೋಟಿಸ್ ಬಂಧನದ ವಾರಂಟ್‌ಗೆ ಸಮನಲ್ಲ. ಅದರ ಆಧಾರದಲ್ಲಿ ಬಂಧಿಸಬೇಕೆ ಎಂಬುದನ್ನು ಆಯಾ ದೇಶದ ಕಾನೂನು ತೀರ್ಮಾನಿಸುತ್ತದೆ. ಭಾರತದಲ್ಲಿ ಸಿಬಿಐ ಇಂಟರ್‌ಪೋಲ್‌ನ ರಾಷ್ಟ್ರೀಯ ಘಟಕವಾಗಿದೆ.

ಹಸ್ತಾಂತರ

ಒಂದು ದೇಶದಲ್ಲಿ ಸಿಕ್ಕಿದ ಆರೋಪಿಯನ್ನು ಇನ್ನೊಂದು ದೇಶಕ್ಕೆ ಒಪ್ಪಿಸುವುದು ಹಸ್ತಾಂತರ. ಭಾರತದಲ್ಲಿ ಇದನ್ನು 1962ರ ಹಸ್ತಾಂತರ ಕಾಯ್ದೆ ನಿಯಂತ್ರಿಸುತ್ತದೆ. ಸಾಮಾನ್ಯವಾಗಿ ಆ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು. ಯಾವ ಅಪರಾಧಕ್ಕಾಗಿ ಒಪ್ಪಿಸಲಾಯಿತೋ ಅದಕ್ಕಾಗಿ ಮಾತ್ರ ವಿಚಾರಣೆ ನಡೆಯಬೇಕು. ಕೆಲವು ದೇಶಗಳು ಷರತ್ತುಗಳನ್ನೂ ವಿಧಿಸುತ್ತವೆ. 2005ರಲ್ಲಿ ಪೋರ್ಚುಗಲ್ ಅಬು ಸಲೇಂನನ್ನು ಒಪ್ಪಿಸಿದ್ದು ಮರಣದಂಡನೆ ವಿಧಿಸುವುದಿಲ್ಲ, 25 ವರ್ಷಗಳಿಗಿಂತ ಹೆಚ್ಚು ಸೆರೆಯಲ್ಲಿಡುವುದಿಲ್ಲ ಎಂಬ ಭರವಸೆಯ ಮೇಲೆ. ಆ ಭರವಸೆಗೆ ಸರ್ಕಾರ ಬದ್ಧವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಜುಲೈನಲ್ಲಿ ತೀರ್ಪು ನೀಡಿತು. ಕೊಟ್ಟ ಮಾತನ್ನು ಒಮ್ಮೆ ಮುರಿದ ದೇಶಕ್ಕೆ ಮುಂದೆ ಯಾರೂ ಆರೋಪಿಗಳನ್ನು ಒಪ್ಪಿಸಲು ಮುಂದಾಗುವುದಿಲ್ಲ. ಆದ್ದರಿಂದ ಹಸ್ತಾಂತರ ವ್ಯವಸ್ಥೆ ನಿಂತಿರುವುದು ಪರಸ್ಪರ ವಿಶ್ವಾಸದ ಮೇಲೆ.

ಸೈಬರ್ ಅಪರಾಧ ಒಡಂಬಡಿಕೆಗಳು

ಯುರೋಪ್ ಮಂಡಳಿಯ 2001ರ ಬುಡಾಪೆಸ್ಟ್ ಒಡಂಬಡಿಕೆ ಸೈಬರ್ ಅಪರಾಧ ಕುರಿತ ಮೊದಲ ಅಂತರರಾಷ್ಟ್ರೀಯ ಒಪ್ಪಂದ. ಅದನ್ನು ರೂಪಿಸುವಲ್ಲಿ ತನಗೆ ಪಾತ್ರವಿರಲಿಲ್ಲವೆಂಬುದು ಸೇರಿದಂತೆ ಹಲವು ಕಾರಣಗಳಿಂದ ಭಾರತ ಅದಕ್ಕೆ ಸೇರಿಲ್ಲ. 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಪ್ರತ್ಯೇಕ ಸೈಬರ್ ಅಪರಾಧ ಒಡಂಬಡಿಕೆಯನ್ನು ಅಂಗೀಕರಿಸಿತು.

ಭಾರತ ಮತ್ತು ಕರ್ನಾಟಕ

ಭಾರತದ ಸಂವಿಧಾನದ 23ನೆಯ ವಿಧಿ ಮಾನವ ಮಾರಾಟವನ್ನು ನಿಷೇಧಿಸುತ್ತದೆ. ಗಡಿಯಾಚೆಗಿನ ಅಪರಾಧಗಳಿಗೆ ಅನ್ವಯಿಸುವ ಮುಖ್ಯ ಕಾಯ್ದೆಗಳು ಇವು:

* ಸುಂಕ ಕಾಯ್ದೆ, 1962
* ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ, 1972
* ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆ, 1985
* ಮಾಹಿತಿ ತಂತ್ರಜ್ಞಾನ ಕಾಯ್ದೆ, 2000
* ಹಣದ ಅಕ್ರಮ ವರ್ಗಾವಣೆ ತಡೆ ಕಾಯ್ದೆ, 2002
* ತಲೆಮರೆಸಿಕೊಂಡ ಆರ್ಥಿಕ ಅಪರಾಧಿಗಳ ಕಾಯ್ದೆ, 2018

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೆಯ ಕಲಂ ಸಂಘಟಿತ ಅಪರಾಧವನ್ನು ಮೊದಲ ಬಾರಿಗೆ ದೇಶದ ಸಾಮಾನ್ಯ ದಂಡ ಕಾನೂನಿನಲ್ಲಿ ಸೇರಿಸಿತು. ಆನ್‌ಲೈನ್ ಹಣಕಾಸು ವಂಚನೆಗೆ ಒಳಗಾದವರು 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ಹಣ ದೇಶದ ಹೊರಗೆ ಹೋಗುವ ಮೊದಲೇ ಖಾತೆಯನ್ನು ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಕೆಲವು ಗಂಟೆಗಳಲ್ಲಿ ಮಾತ್ರ.

ಕರ್ನಾಟಕವು 2000ದಲ್ಲಿ ಪ್ರತ್ಯೇಕ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯನ್ನು ರೂಪಿಸಿತು. ಕರಾವಳಿಯ ಉದ್ಯಮಿಗಳಿಗೆ ವಿದೇಶದಿಂದ ದೂರವಾಣಿ ಕರೆ ಮಾಡಿ ಹಣ ಸುಲಿಯುವ ಭೂಗತ ಗುಂಪುಗಳ ಕಾಟ ರಾಜ್ಯದ ಪೊಲೀಸರಿಗೆ ದೊಡ್ಡ ಸವಾಲಾಗಿತ್ತು. ಉಡುಪಿ ಮೂಲದ ಬನ್ನಂಜೆ ರಾಜ 2015ರಲ್ಲಿ ಮೊರಾಕೊದಲ್ಲಿ ಬಂಧಿತನಾಗಿ ಅದೇ ವರ್ಷ ಭಾರತಕ್ಕೆ ಬಂದನು. ಅಂಕೋಲಾದ ಉದ್ಯಮಿಯೊಬ್ಬರ 2013ರ ಕೊಲೆ ಪ್ರಕರಣದಲ್ಲಿ ಬೆಳಗಾವಿಯ ವಿಶೇಷ ನ್ಯಾಯಾಲಯ 2022ರಲ್ಲಿ ಅವನಿಗೂ ಸಹಚರರಿಗೂ ಜೀವಾವಧಿ ಶಿಕ್ಷೆ ವಿಧಿಸಿತು. ವಿದೇಶದಲ್ಲಿ ಕುಳಿತು ಆದೇಶ ನೀಡಿದವನನ್ನು ಸ್ಥಳೀಯ ಕೊಲೆಗೆ ಹೊಣೆಯಾಗಿಸಿದ ಈ ಪ್ರಕರಣ, ಒಡಂಬಡಿಕೆಯ ವ್ಯಾಖ್ಯೆಯಲ್ಲಿ ಹೇಳಿದ ಎರಡನೆಯ ಸಂದರ್ಭಕ್ಕೆ ಹೊಂದುವ ಉದಾಹರಣೆ.

ಟೀಕೆಗಳು ಮತ್ತು ಮಿತಿಗಳು

ಅಕ್ರಮ ವ್ಯಾಪಾರ ಜಾಗತೀಕರಣದಿಂದ ಹುಟ್ಟಿದ ಹೊಸ ವಿಪತ್ತು ಎಂಬ ಅಭಿಪ್ರಾಯವನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞ ಪೀಟರ್ ಆಂಡ್ರಿಯಾಸ್, ಅಮೆರಿಕದ ಬೆಳವಣಿಗೆಯಲ್ಲಿಯೇ ಕಳ್ಳಸಾಗಣೆಗೆ ದೊಡ್ಡ ಪಾತ್ರವಿದ್ದುದನ್ನು ತೋರಿಸಿ, ಹೊಸತನದ ವಾದವನ್ನು ಪ್ರಶ್ನಿಸಿದ್ದಾರೆ. ಗುಪ್ತವಾಗಿ ನಡೆಯುವ ವ್ಯವಹಾರವನ್ನು ಅಳೆಯುವುದು ಕಷ್ಟವಾದ್ದರಿಂದ ಇಂತಹ ಅಪರಾಧಗಳ ಕುರಿತ ಜಾಗತಿಕ ಅಂಕಿಅಂಶಗಳನ್ನು ಅಂದಾಜುಗಳೆಂದೇ ತಿಳಿಯಬೇಕು.

ಪೂರೈಕೆಯನ್ನು ಮಾತ್ರ ತಡೆಯುವ ನೀತಿಯೂ ಟೀಕೆಗೆ ಗುರಿಯಾಗಿದೆ. ಒಂದು ಪ್ರದೇಶದಲ್ಲಿ ಬೆಳೆ ನಾಶ ಮಾಡಿದರೆ ಅದು ಇನ್ನೊಂದು ಪ್ರದೇಶಕ್ಕೆ ಸರಿಯುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಬಲೂನಿಗೆ ಇದನ್ನು ಹೋಲಿಸಲಾಗುತ್ತದೆ. ಕೊಳ್ಳುವವರು ಶ್ರೀಮಂತ ದೇಶಗಳಲ್ಲಿದ್ದು ಶಿಕ್ಷೆಯ ಹೊರೆ ಬಡ ದೇಶಗಳ ಬೆಳೆಗಾರರು ಮತ್ತು ಸಾಗಾಟಗಾರರ ಮೇಲೆ ಬೀಳುತ್ತದೆ ಎಂಬ ಆಕ್ಷೇಪವೂ ಇದೆ.

ಸಹಕಾರದ ವ್ಯವಸ್ಥೆಗಳು ದುರುಪಯೋಗವಾಗುವ ಸಾಧ್ಯತೆಯೂ ಉಂಟು. ಇಂಟರ್‌ಪೋಲ್‌ನ ಸಂವಿಧಾನದ ಮೂರನೆಯ ವಿಧಿ ರಾಜಕೀಯ, ಸೈನಿಕ, ಧಾರ್ಮಿಕ ಮತ್ತು ಜನಾಂಗೀಯ ಸ್ವರೂಪದ ವಿಷಯಗಳಲ್ಲಿ ತೊಡಗುವುದನ್ನು ನಿಷೇಧಿಸಿದ್ದರೂ, ಕೆಲವು ಸರ್ಕಾರಗಳು ದೇಶಬಿಟ್ಟ ವಿರೋಧಿಗಳ ವಿರುದ್ಧ ರೆಡ್ ನೋಟಿಸ್ ಪಡೆಯಲು ಯತ್ನಿಸಿವೆ. ಅಕ್ರಮ ಸಾಗಾಟಕ್ಕೆ ಒಳಗಾದವರನ್ನು ವಲಸೆ ನಿಯಮಗಳ ಉಲ್ಲಂಘನೆಗಾಗಿ ಬಂಧಿಸಿದರೆ ಅವರು ಸಾಕ್ಷ್ಯ ನುಡಿಯಲು ಮುಂದೆ ಬರುವುದಿಲ್ಲ, ಇದರಿಂದ ಜಾಲದ ಮುಖ್ಯಸ್ಥರಿಗೇ ಅನುಕೂಲವಾಗುತ್ತದೆ. ಬಲವಂತದಿಂದ ಅಪರಾಧ ಎಸಗಿದ ಸಂತ್ರಸ್ತರನ್ನು ಶಿಕ್ಷಿಸಬಾರದೆಂಬ ತತ್ವವನ್ನು ವಿಶ್ವಸಂಸ್ಥೆಯ ಸಂಸ್ಥೆಗಳು ಎತ್ತಿಹಿಡಿದಿವೆ. ಅದನ್ನು ತಮ್ಮ ಕಾನೂನಿನಲ್ಲಿ ಸ್ಪಷ್ಟವಾಗಿ ಸೇರಿಸದ ದೇಶಗಳು ಇನ್ನೂ ಇವೆ.